ಕೈಬರಹ ಶೈಲಿಯ ಕನ್ನಡ ಫಾಂಟ್: ಆರಿಸುವ, ಪರೀಕ್ಷಿಸುವ ಮತ್ತು ಬಳಸುವ ಕ್ರಮ

ಕೆಫೆಯ ಮೆನು, ಮನೆಯಲ್ಲಿ ತಯಾರಾದ ಉಪ್ಪಿನಕಾಯಿಯ ಲೇಬಲ್, ಮಕ್ಕಳ ಬೇಸಿಗೆ ಶಿಬಿರದ ಭಿತ್ತಿಪತ್ರ, ಮದುವೆಯ ಆಮಂತ್ರಣ, ವ್ಯಂಗ್ಯಚಿತ್ರದ ಸಂಭಾಷಣೆ ಮುಂತಾದ ಕಡೆಗಳಲ್ಲಿ ಯಾರೋ ಪೆನ್ನು ಹಿಡಿದು ಬರೆದಂತೆ ಕಾಣುವ ಅಕ್ಷರಗಳಿರಲಿ ಎಂದು ವಿನ್ಯಾಸಕಾರರು ಬಯಸುವುದು ಸಹಜ. ಇಂಗ್ಲಿಷಿನಲ್ಲಿ ಇಂಥ ಫಾಂಟ್‌ಗಳು ಲೆಕ್ಕವಿಲ್ಲದಷ್ಟು ದೊರೆಯುತ್ತವೆ. ಕನ್ನಡದಲ್ಲಿ ಅವು ಕಡಿಮೆ, ಮತ್ತು ಅದಕ್ಕೆ ಕಾರಣ ಲಿಪಿಯ ರಚನೆಯಲ್ಲೇ ಇದೆ. 34 ವ್ಯಂಜನಗಳು, ಪ್ರತಿಯೊಂದಕ್ಕೂ ಕಾಗುಣಿತದ ರೂಪಗಳು, ಅದರ ಮೇಲೆ ಪ್ರತಿ ವ್ಯಂಜನಕ್ಕೂ ಒಂದು ಒತ್ತಿನ ರೂಪ ಎಂದಾದಾಗ, ಫಾಂಟ್ ಮಾಡುವವರು ನೂರಾರು ಆಕಾರಗಳನ್ನು ಬರೆಯಬೇಕಾಗುತ್ತದೆ. ಅವೆಲ್ಲವೂ ಒಂದೇ ಕೈಯಿಂದ, ಒಂದೇ ಮನಃಸ್ಥಿತಿಯಲ್ಲಿ ಮೂಡಿದಂತೆ ಕಾಣಬೇಕಾಗುತ್ತದೆ. ಆದ್ದರಿಂದ ದೊರೆತ ಕೆಲವೇ ಫಾಂಟ್‌ಗಳನ್ನು ಅವುಗಳ ಹೆಸರಿನ ಮಾದರಿ ಚಿತ್ರವನ್ನಷ್ಟೇ ನೋಡಿ ಆರಿಸುವುದು ಅಪಾಯಕಾರಿ. ಕೈಬರಹದ ಫಾಂಟನ್ನು ಅದರ ಬಿಡಿ ಅಕ್ಷರಗಳ ಚೆಲುವಿನಿಂದಲ್ಲ, ಒತ್ತಕ್ಷರಗಳ ನಡವಳಿಕೆಯಿಂದ ಅಳೆಯಬೇಕು ಎಂಬುದು ಈ ಲೇಖನದ ಮುಖ್ಯ ಮಾತು.

ಹಂತ 1: ಇಲ್ಲಿ ಯಾರು ಮಾತನಾಡುತ್ತಿದ್ದಾರೆ ಎಂದು ಕೇಳಿಕೊಳ್ಳಿ

ಕೈಬರಹದ ಅಕ್ಷರ ಓದುಗನಿಗೆ ಒಬ್ಬ ವ್ಯಕ್ತಿಯ ಇರವನ್ನು ಸೂಚಿಸುತ್ತದೆ. ಹಾಗಾಗಿ ಒಬ್ಬ ವ್ಯಕ್ತಿ ಸಲುಗೆಯಿಂದ ಆಡುವ ಮಾತಿಗೆ ಅದು ಒಪ್ಪುತ್ತದೆ, ಸಂಸ್ಥೆಯೊಂದು ಅಧಿಕೃತವಾಗಿ ಹೊರಡಿಸುವ ಮಾತಿಗೆ ಒಪ್ಪುವುದಿಲ್ಲ.

ಈ ಬಗೆಯ ಫಾಂಟ್‌ಗಳ ಪೈಕಿ ಜಗತ್ತಿನಲ್ಲಿ ಅತಿ ಹೆಚ್ಚು ಚರ್ಚೆಗೆ ಒಳಗಾದ ಕಾಮಿಕ್ ಸ್ಯಾನ್ಸ್‌ನ ಕಥೆಯೂ ಇದನ್ನೇ ಹೇಳುತ್ತದೆ. ಮೈಕ್ರೋಸಾಫ್ಟ್ ಸಂಸ್ಥೆಯಲ್ಲಿದ್ದ ವಿನ್ಸೆಂಟ್ ಕೊನೇರ್ ಅವರು 1994ರಲ್ಲಿ, ಆ ಸಂಸ್ಥೆ ಸಿದ್ಧಪಡಿಸುತ್ತಿದ್ದ ‘ಮೈಕ್ರೋಸಾಫ್ಟ್ ಬಾಬ್’ ಎಂಬ ತಂತ್ರಾಂಶದ ಪರೀಕ್ಷಾ ಆವೃತ್ತಿಯಲ್ಲಿ ವ್ಯಂಗ್ಯಚಿತ್ರದ ನಾಯಿಯೊಂದು ಟೈಮ್ಸ್ ನ್ಯೂ ರೋಮನ್ ಅಕ್ಷರಗಳಲ್ಲಿ ಮಾತನಾಡುತ್ತಿರುವುದನ್ನು ಕಂಡು, ಆ ಮಾತಿಗೆ ತಕ್ಕ ಅಕ್ಷರಗಳು ಬೇಕೆಂದು ಕಾಮಿಕ್ ಪುಸ್ತಕಗಳ ಬರಹವನ್ನು ಆಧರಿಸಿ ಅದನ್ನು ರೂಪಿಸಿದರು. ಬಾಬ್ ಬಿಡುಗಡೆಯಾಗುವ ಹೊತ್ತಿಗೆ ಅದು ಸಿದ್ಧವಾಗಿರಲಿಲ್ಲ. ಮುಂದೆ ವಿಂಡೋಸ್ 95ರ ಪ್ಲಸ್ ಪ್ಯಾಕ್‌ನೊಂದಿಗೆ ಜನರ ಕಂಪ್ಯೂಟರುಗಳನ್ನು ಸೇರಿತು. ಅಂದರೆ ಮಾತಿನ ಗುಳ್ಳೆಯೊಳಗಿನ ಒಂದೆರಡು ಸಾಲಿಗೆಂದು ಹುಟ್ಟಿದ ಅಕ್ಷರ, ಎಲ್ಲರ ಕೈಗೂ ಸಿಕ್ಕ ಬಳಿಕ ಸೂಚನಾಫಲಕ, ಪ್ರಮಾಣಪತ್ರ, ಕಚೇರಿ ಪತ್ರ ಎಲ್ಲದರಲ್ಲೂ ಕಾಣಿಸಿಕೊಂಡಿತು. 2012ರ ಜುಲೈ 4ರಂದು ಸರ್ನ್ ಪ್ರಯೋಗಾಲಯದಲ್ಲಿ ಹಿಗ್ಸ್ ಬೋಸಾನ್ ಕುರಿತ ಫಲಿತಾಂಶಗಳನ್ನು ಮಂಡಿಸಿದ ಫೇಬಿಯೋಲಾ ಜಿಯಾನೊಟ್ಟಿ ಅವರ ಸ್ಲೈಡುಗಳಲ್ಲಿ ಇದೇ ಫಾಂಟ್ ಇದ್ದುದರಿಂದ, ಭೌತವಿಜ್ಞಾನದ ಅಷ್ಟು ದೊಡ್ಡ ಸುದ್ದಿಯ ನಡುವೆಯೂ ಅಕ್ಷರಗಳ ಬಗ್ಗೆ ಮಾತು ನಡೆಯಿತು. ಟೀಕಿಸಿದವರ ಎಲ್ಲ ಮಾತುಗಳನ್ನು ನಾನು ಒಪ್ಪುವುದಿಲ್ಲ. ಆ ಫಾಂಟ್ ತನ್ನ ಮೂಲ ಕೆಲಸಕ್ಕೆ ಚೆನ್ನಾಗಿಯೇ ಹೊಂದುತ್ತದೆ, ಮತ್ತು ಬ್ರಿಟಿಷ್ ಡಿಸ್ಲೆಕ್ಸಿಯಾ ಅಸೋಸಿಯೇಷನ್ ತನ್ನ ಕೈಪಿಡಿಯಲ್ಲಿ ಓದಲು ಅನುಕೂಲವಾದ ಅಕ್ಷರಗಳ ಸಾಲಿನಲ್ಲಿ ಅದನ್ನೂ ಸೇರಿಸಿದೆ. ತೊಂದರೆ ಇರುವುದು ಅಕ್ಷರದಲ್ಲಲ್ಲ, ಅದನ್ನು ಇರಿಸಿದ ಜಾಗದಲ್ಲಿ.

ಕನ್ನಡದ ಆಮಂತ್ರಣ ಪತ್ರಿಕೆಯನ್ನೇ ನೋಡೋಣ. ‘ತಮ್ಮ ಸುಖಾಗಮನವನ್ನು ಬಯಸುವ’ ಎಂಬ ಸಾಲು ಗ್ರಾಂಥಿಕವಾದುದು, ಹಿರಿಯರ ಬಾಯಲ್ಲಿ ಮುದ್ರಣದ ಗಾಂಭೀರ್ಯದೊಂದಿಗೆ ಬರುವಂಥದು. ಅದನ್ನು ಸಲುಗೆಯ ಕೈಬರಹದಲ್ಲಿ ಹಾಕಿದರೆ ಮಾತೂ ಅಕ್ಷರವೂ ಒಂದನ್ನೊಂದು ಎಳೆದಾಡುತ್ತವೆ. ಅದೇ ಪತ್ರಿಕೆಯ ಮೇಲ್ಭಾಗದಲ್ಲಿ ‘ನಮ್ಮನೆ ಮದುವೆ, ತಪ್ಪದೆ ಬನ್ನಿ’ ಎಂದಿದ್ದರೆ ಅಲ್ಲಿ ಕೈಬರಹಕ್ಕಿಂತ ಹೊಂದುವ ಅಕ್ಷರ ಬೇರೊಂದಿಲ್ಲ. ವಾಕ್ಯವನ್ನು ಗಟ್ಟಿಯಾಗಿ ಓದಿ ನೋಡಿ. ಎದುರಿಗೆ ನಿಂತವರೊಬ್ಬರಿಗೆ ಹಾಗೆಯೇ ಹೇಳಬಹುದಾದರೆ ಕೈಬರಹವನ್ನು ಬಳಸಿ, ಇಲ್ಲವಾದರೆ ಸಾಧಾರಣ ಮುದ್ರಣಾಕ್ಷರಕ್ಕೆ ಬಿಡಿ. ಶ್ರದ್ಧಾಂಜಲಿ, ಔಷಧದ ಸೂಚನೆ, ಬೆಲೆ, ದಿನಾಂಕ, ವಿಳಾಸ, ದೂರವಾಣಿ ಸಂಖ್ಯೆ, ಆಹಾರದ ಪೊಟ್ಟಣದ ಮೇಲೆ ಕಾನೂನಿನ ಪ್ರಕಾರ ಇರಲೇಬೇಕಾದ ವಿವರ ಇವು ಯಾವುವೂ ಕೈಬರಹದಲ್ಲಿ ಇರಬಾರದು. ಅಕ್ಷರಗಳನ್ನು ಈಗಷ್ಟೇ ಕಲಿಯುತ್ತಿರುವ ಮಕ್ಕಳ ಪುಸ್ತಕದಲ್ಲಿ ಚಿತ್ರದೊಳಗಿನ ಸಂಭಾಷಣೆಗೆ ಅದನ್ನು ಬಳಸಬಹುದಾದರೂ, ಮುಖ್ಯ ಪಠ್ಯಕ್ಕೆ ಶಾಲೆಯಲ್ಲಿ ತಿದ್ದುವ ರೂಪಕ್ಕೆ ಹತ್ತಿರವಾದ ಅಕ್ಷರವನ್ನೇ ಇಡುವುದು ಒಳ್ಳೆಯದು.

ಹಂತ 2: ಫಾಂಟ್ ಹುಡುಕಿ, ಪರವಾನಗಿ ಓದಿ

ಗೂಗಲ್ ಫಾಂಟ್ಸ್ ಸಂಗ್ರಹದಲ್ಲಿ ಕನ್ನಡಕ್ಕೆ ಸಂಬಂಧಿಸಿದಂತೆ ಮೂರನ್ನು ಮೊದಲು ನೋಡಬಹುದು. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಅವರ ‘ಅಕಾಯ ಕನ್ನಡಕ’ ಒಂದೇ ತೂಕದ (ಅಂದರೆ ಗೆರೆಯ ದಪ್ಪದಲ್ಲಿ ಒಂದೇ ಆವೃತ್ತಿಯಿರುವ), ಶೀರ್ಷಿಕೆಗಳಿಗೆಂದೇ ಮಾಡಿದ ಫಾಂಟ್. ಅದರ ಗೆರೆಗಳಲ್ಲಿ ಕೈಯ ಚಲನೆ ಸ್ಪಷ್ಟವಾಗಿ ಕಾಣುತ್ತದೆ. ಎರಿನ್ ಮ್ಯಾಕ್‌ಲಾಫ್ಲಿನ್ ಅವರ ‘ಹುಬ್ಬಳ್ಳಿ’ ಗೆರೆಯ ದಪ್ಪ ಎಲ್ಲೆಡೆ ಒಂದೇ ಸಮನಾಗಿರುವ, ಔಪಚಾರಿಕತೆ ಇಲ್ಲದ ಫಾಂಟ್. ಸಣ್ಣ ಟಿಪ್ಪಣಿಗಳಿಗೆ ನಾನು ಮೊದಲು ಪರಿಗಣಿಸುವುದು ಇದನ್ನು. ಮುಂಬೈಯ ಏಕ್ ಟೈಪ್ ತಂಡದ ‘ಬಾಲೂ ತಮ್ಮ 2’ ಕಟ್ಟುನಿಟ್ಟಾಗಿ ಹೇಳುವುದಾದರೆ ಕೈಬರಹವಲ್ಲ, ಆದರೆ ಅದರ ದುಂಡನೆಯ ತುದಿಗಳಲ್ಲಿ ಅದೇ ಸಲುಗೆಯಿದೆ. ಸಾಧಾರಣದಿಂದ ಬಹಳ ದಪ್ಪದವರೆಗೆ ಹಲವು ತೂಕಗಳಿರುವುದರಿಂದ ದೊಡ್ಡ ಫಲಕಗಳಿಗೆ ಅನುಕೂಲ.

ಈ ಮೂರೂ ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್ ಅಡಿಯಲ್ಲಿವೆ. ಈ ಪರವಾನಗಿಯ ಪ್ರಕಾರ ಫಾಂಟನ್ನು ವಾಣಿಜ್ಯ ಕೆಲಸಕ್ಕೆ ಬಳಸಬಹುದು, ಕಡತದಲ್ಲಿ ಅಡಕಗೊಳಿಸಬಹುದು, ಬದಲಾಯಿಸಬಹುದು. ಫಾಂಟನ್ನೇ ಬಿಡಿಯಾಗಿ ಮಾರುವಂತಿಲ್ಲ, ಮತ್ತು ಬದಲಾಯಿಸಿದ ಆವೃತ್ತಿಯನ್ನು ಹಂಚುವುದಾದರೆ ಅದೇ ಪರವಾನಗಿಯಲ್ಲಿ ಹಂಚಬೇಕು. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕೈಯಿಂದ ಕೈಗೆ ಬಂದ, ಮೂಲ ಗೊತ್ತಿಲ್ಲದ ಫಾಂಟನ್ನು ಗ್ರಾಹಕರ ಕೆಲಸಕ್ಕೆ ಬಳಸಬೇಡಿ.

ಹಂತ 3: ಕಷ್ಟದ ಪದಗಳಿಂದ ಪರೀಕ್ಷಿಸಿ

ಹೆಚ್ಚು ಸಮಯ ಕೊಡಬೇಕಾದುದು ಈ ಹಂತಕ್ಕೆ. ಫಾಂಟ್‌ನ ಮಾದರಿಯಲ್ಲಿ ‘ಕನ್ನಡ’ ಎಂಬ ಪದ ಚೆನ್ನಾಗಿ ಕಂಡ ಮಾತ್ರಕ್ಕೆ ಉಳಿದವೂ ಚೆನ್ನಾಗಿರುತ್ತವೆ ಎಂದಾಗುವುದಿಲ್ಲ.

ಮೊದಲು ಒಂದನ್ನೊಂದು ಹೋಲುವ ಅಕ್ಷರಗಳನ್ನು ನೋಡಿ. ಮಕಾರಕ್ಕೂ ವಕಾರದ ಕೊಂಬಿಗೂ ಇರುವ ವ್ಯತ್ಯಾಸ ಬಹಳ ಸೂಕ್ಷ್ಮವಾದುದು. ‘ವು’ ಬರೆಯುವಾಗ ಕೊಂಬಿನ ಗೆರೆ ಅಕ್ಷರದ ಬುಡದಿಂದ ಹೊರಟು ಕೆಳಗಿನಿಂದ ಬಲಕ್ಕೆ ಹೊರಳುತ್ತದೆ. ‘ಮ’ ಬರೆಯುವಾಗ ಬಲಗಡೆಯ ಬಾಲ ಅಕ್ಷರದ ಸಾಲಿನಲ್ಲೇ ನಿಲ್ಲುತ್ತದೆ. ಕೈಬರಹದ ಫಾಂಟ್‌ಗಳಲ್ಲಿ ಗೆರೆಗಳು ಸಡಿಲವಾಗುವುದರಿಂದ ಈ ಅಂತರ ಕರಗಿಹೋಗುವ ಸಾಧ್ಯತೆ ಹೆಚ್ಚು. ಉಪ್ಪಿನಕಾಯಿಯ ಸೀಸೆಯ ಮೇಲೆ ‘ಮಾವು’ ಎಂದು ಬರೆದಾಗ ಅದು ‘ಮಾಮ’ ಎಂದು ಕಂಡರೆ ಆ ಫಾಂಟನ್ನು ಅಲ್ಲಿಯೇ ಕೈಬಿಡಬೇಕು. ‘ನಾವು’ ಮತ್ತು ‘ನಾಮ’ ಎಂಬ ಜೋಡಿಯನ್ನೂ ಅಕ್ಕಪಕ್ಕ ಬರೆದು, ಸಣ್ಣ ಗಾತ್ರದಲ್ಲಿ, ತೋಳಿನಳತೆಯ ದೂರದಿಂದ ಓದಿ ನೋಡಿ. ಹಾಗೆಯೇ ಮಹಾಪ್ರಾಣಗಳ ಬುಡದಲ್ಲಿರುವ ಸೀಳುಗೆರೆ ಉಳಿದಿದೆಯೇ ಎಂದು ತಿಳಿಯಲು ‘ದನ, ಧನ’, ‘ಬಾರಿ, ಭಾರಿ’, ‘ಪಲ್ಲವ, ಫಲ’ ಎಂಬ ಪದಗಳು ಸಾಕು. ಠಕಾರ ಮತ್ತು ಥಕಾರಗಳ ಒಳಗಿನ ಚುಕ್ಕೆ ದಪ್ಪ ತೂಕಗಳಲ್ಲಿ ಮುಚ್ಚಿಹೋಗುತ್ತದೆಯೇ ಎಂಬುದನ್ನೂ ಗಮನಿಸಿ.

ಎರಡನೆಯದು ಒತ್ತಕ್ಷರ. ತ, ನ, ಮ, ಯ, ರ, ಲ ಇವುಗಳ ಒತ್ತಿನ ರೂಪ ಮೂಲಾಕ್ಷರಕ್ಕಿಂತ ಬೇರೆ. ಉಳಿದ ಬಹುಪಾಲು ಅಕ್ಷರಗಳ ಒತ್ತು ತಲೆಕಟ್ಟು ಕಳಚಿದ ಪುಟ್ಟ ಪ್ರತಿ. ಈ ಎರಡನೆಯ ಗುಂಪಿನಲ್ಲಿ ಫಾಂಟ್ ಮಾಡುವವರು ಮೂಲಾಕ್ಷರವನ್ನೇ ಯಾಂತ್ರಿಕವಾಗಿ ಕುಗ್ಗಿಸಿಟ್ಟಿದ್ದರೆ ಒತ್ತಿನ ಗೆರೆ ಮೇಲಿನ ಅಕ್ಷರದ ಗೆರೆಗಿಂತ ತೆಳುವಾಗಿ ಕಾಣುತ್ತದೆ. ಒಂದೇ ಪೆನ್ನಿನಿಂದ ಬರೆದಾಗ ಹೀಗೆ ಆಗುವುದು ಸಾಧ್ಯವೇ ಇಲ್ಲವಾದ್ದರಿಂದ ಕೈಬರಹದ ಭ್ರಮೆ ಆ ಕ್ಷಣವೇ ಒಡೆಯುತ್ತದೆ. ‘ಅಕ್ಕ’, ‘ಹಬ್ಬ’, ‘ಹಳ್ಳ’, ‘ಅಜ್ಜಿ’ ಎಂದು ಬರೆದು ಹಿಗ್ಗಿಸಿ ನೋಡಿದರೆ ಫಾಂಟ್ ಮಾಡಿದವರ ಶ್ರದ್ಧೆ ಗೊತ್ತಾಗುತ್ತದೆ.

ಬಳಿಕ ಎರಡೆರಡು ಒತ್ತುಗಳು ಕೂಡುವ ‘ಸ್ವಾತಂತ್ರ್ಯ’, ‘ವೈಶಿಷ್ಟ್ಯ’, ‘ಲಕ್ಷ್ಮೀ’, ‘ರಾಷ್ಟ್ರೀಯ’ ಪದಗಳನ್ನು ಬರೆಯಿರಿ. ‘ರಾಷ್ಟ್ರೀಯ’ದಲ್ಲಿ ಗುಡಿಸು ಷಕಾರದ ತಲೆಯ ಮೇಲೆ, ಟಕಾರ ಮತ್ತು ರಕಾರದ ಒತ್ತುಗಳು ಕೆಳಗೆ, ದೀರ್ಘದ ಗುರುತು ಬಲಗಡೆ ಬರಬೇಕು; ಇವುಗಳಲ್ಲಿ ಯಾವುದೂ ಮತ್ತೊಂದಕ್ಕೆ ಢಿಕ್ಕಿ ಹೊಡೆಯಬಾರದು. ಅರ್ಕಾವೊತ್ತಿಗೆ ‘ಧರ್ಮ’, ‘ಕಾರ್ಯ’ ಸಾಕಾದರೂ, ‘ರ‍್ಯಾಲಿ’ ಮತ್ತು ‘ರ‍್ಯಾಂಕ್’ ಎಂದು ಬರೆದಾಗ ರಕಾರ ಪೂರ್ಣವಾಗಿ ನಿಂತು ಯಕಾರ ಒತ್ತಾಗುತ್ತದೆಯೇ ಎಂದೂ ನೋಡಬೇಕು. ಕೊನೆಯದಾಗಿ ಅನ್ಯದೇಶ್ಯ ಪದಗಳು: ‘ಪಾರ್ಕ್‌ನಲ್ಲಿ’, ‘ಬಸ್‌ಗಳು’, ‘ಸಾಫ್ಟ್‌ವೇರ್’. ಇಲ್ಲಿ ಅರ್ಧಾಕ್ಷರ ಮುಂದಿನ ಅಕ್ಷರಕ್ಕೆ ಒತ್ತನ್ನು ಕೊಡದೆ ಬಿಡಿಯಾಗಿ ನಿಲ್ಲಬೇಕು. ಇಂದಿನ ಜಾಹೀರಾತು ಕನ್ನಡದಲ್ಲಿ ಇಂಥ ಪದಗಳಿಲ್ಲದ ಪುಟವೇ ಅಪರೂಪವಾಗಿರುವುದರಿಂದ ಈ ಪರೀಕ್ಷೆಯನ್ನು ಬಿಡುವಂತಿಲ್ಲ. ರೂಪಾಯಿ ಚಿಹ್ನೆ, ಕನ್ನಡ ಮತ್ತು ಇಂಗ್ಲಿಷ್ ಎರಡೂ ಬಗೆಯ ಅಂಕಿಗಳು ಮತ್ತು ಉದ್ಧರಣ ಚಿಹ್ನೆ ಅದೇ ಫಾಂಟ್‌ನಲ್ಲಿವೆಯೇ ಎಂದು ಇದೇ ಹೊತ್ತಿನಲ್ಲಿ ನೋಡಿಕೊಳ್ಳಿ. ಇಲ್ಲದಿದ್ದರೆ ತಂತ್ರಾಂಶ ಅವನ್ನು ಬೇರೊಂದು ಫಾಂಟ್‌ನಿಂದ ಸದ್ದಿಲ್ಲದೆ ತಂದು ಹಾಕುತ್ತದೆ.

ಹಂತ 4: ತಂತ್ರಾಂಶವನ್ನು ಸಿದ್ಧಪಡಿಸಿ

ಫಾಂಟ್ ಸರಿಯಿದ್ದೂ ಒತ್ತಕ್ಷರಗಳು ಒಡೆದು ಕಂಡರೆ ದೋಷ ಹೆಚ್ಚಾಗಿ ತಂತ್ರಾಂಶದ ಹೊಂದಿಕೆಯಲ್ಲಿರುತ್ತದೆ. ಅಡೋಬಿಯ ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಫಲಕದ ಮೆನುವಿನಿಂದ ‘ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಅನ್ನು ಆರಿಸಬೇಕು. ಫೋಟೋಶಾಪ್‌ನ ಟೈಪ್ ಆದ್ಯತೆಗಳಲ್ಲಿ ‘ವರ್ಲ್ಡ್-ರೆಡಿ ಲೇಔಟ್’ ಅನ್ನು, ಇಲಸ್ಟ್ರೇಟರ್‌ನ ಟೈಪ್ ಆದ್ಯತೆಗಳಲ್ಲಿ ‘ಇಂಡಿಕ್ ಆಪ್ಷನ್ಸ್’ ಅನ್ನು ಚಾಲೂ ಮಾಡಬೇಕು. ಇಂಕ್‌ಸ್ಕೇಪ್ ಮತ್ತು ಗಿಂಪ್ ತಂತ್ರಾಂಶಗಳು ಯಾವ ಹೊಂದಿಕೆಯೂ ಇಲ್ಲದೆ ಕನ್ನಡವನ್ನು ಸರಿಯಾಗಿ ಮೂಡಿಸುತ್ತವೆ.

ಗ್ರಾಹಕರು ಕೊಟ್ಟ ಪಠ್ಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಸಂಕೇತದಲ್ಲಿದ್ದರೆ ಹೊಸ ಫಾಂಟ್ ಹಾಕಿದ ಕೂಡಲೇ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತದೆ. ಆ ತಂತ್ರಾಂಶಗಳಲ್ಲೇ ಇರುವ ಪರಿವರ್ತಕದಿಂದ ಯೂನಿಕೋಡಿಗೆ ಬದಲಾಯಿಸಿ, ನಂತರ ಅರ್ಕಾವೊತ್ತು ಮತ್ತು ಅನ್ಯದೇಶ್ಯ ಪದಗಳನ್ನು ಕಣ್ಣಿಟ್ಟು ಓದಿ.

ಹಂತ 5: ಸಾಲುಗಳ ನಡುವೆ ಜಾಗ ಕೊಡಿ

ಬಹುತೇಕ ತಂತ್ರಾಂಶಗಳು ತಾವಾಗಿಯೇ ಕೊಡುವ ಸಾಲಂತರ ಅಕ್ಷರದ ಗಾತ್ರದ 120 ಪ್ರತಿಶತ. 14 ಪಾಯಿಂಟ್ ಅಕ್ಷರಕ್ಕೆ ಇದು 16.8 ಪಾಯಿಂಟ್ ಆಗುತ್ತದೆ. ಇಂಗ್ಲಿಷಿಗೆಂದು ನಿಗದಿಯಾದ ಈ ಅಳತೆಯಲ್ಲಿ ಮೇಲಿನ ಸಾಲಿನ ‘ರಾಷ್ಟ್ರ’ದ ಒತ್ತುಗಳು ಕೆಳಗಿನ ಸಾಲಿನ ‘ಕೀರ್ತಿ’ಯ ಗುಡಿಸಿನ ಮೇಲೆ ಕುಳಿತುಬಿಡುತ್ತವೆ. ಕೈಬರಹದ ಫಾಂಟ್‌ಗಳಲ್ಲಿ ಒತ್ತುಗಳು ಇನ್ನಷ್ಟು ಕೆಳಕ್ಕೆ ಚಾಚುವುದರಿಂದ 150 ಪ್ರತಿಶತದಿಂದ, ಅಂದರೆ 14 ಪಾಯಿಂಟಿಗೆ 21 ಪಾಯಿಂಟಿನಿಂದ, ಆರಂಭಿಸಿ ಕಣ್ಣಿಗೆ ಒಪ್ಪುವವರೆಗೆ ಹೊಂದಿಸಿ. ಎರಡೇ ಸಾಲಿನ ಶೀರ್ಷಿಕೆಯಲ್ಲಿ ಮೇಲಿನ ಸಾಲಿನಲ್ಲಿ ಒತ್ತುಗಳೇ ಇಲ್ಲದಿದ್ದರೆ ಸಾಲುಗಳನ್ನು ಹತ್ತಿರ ತರಬಹುದು. ಇಂಥ ಹೊಂದಿಕೆಯನ್ನು ಆಯಾ ಪದಗಳನ್ನು ನೋಡಿಯೇ ಮಾಡಬೇಕು. ಅಕ್ಷರಗಳ ನಡುವಿನ ಅಂತರವನ್ನು ಮಾತ್ರ ಮುಟ್ಟದಿರುವುದು ಒಳ್ಳೆಯದು, ಏಕೆಂದರೆ ಕೆಲವು ತಂತ್ರಾಂಶಗಳಲ್ಲಿ ಒತ್ತು ತನ್ನ ಅಕ್ಷರದಿಂದ ದೂರ ಸರಿದು ಅನಾಥವಾಗುತ್ತದೆ.

ಬಣ್ಣದ ವಿಷಯದಲ್ಲೂ ಎಚ್ಚರ ಬೇಕು. ವೆಬ್ ವಿನ್ಯಾಸದ ಸುಗಮ್ಯತಾ ಮಾನದಂಡಗಳು ಸಾಮಾನ್ಯ ಪಠ್ಯಕ್ಕೆ ಹಿನ್ನೆಲೆಯೊಂದಿಗೆ ಕನಿಷ್ಠ 4.5:1, ದೊಡ್ಡ ಪಠ್ಯಕ್ಕೆ 3:1 ಹೊಳಪಿನ ವ್ಯತ್ಯಾಸವನ್ನು ಕೇಳುತ್ತವೆ. ತೆಳುಗೆರೆಯ ಕೈಬರಹ ಎಷ್ಟೇ ದೊಡ್ಡದಾಗಿದ್ದರೂ ಮೊದಲನೆಯ ಅಳತೆಯನ್ನೇ ಪಾಲಿಸುವುದು ಸೂಕ್ತ. ಕಡುಬಣ್ಣದ ಮೇಲೆ ಬಿಳಿ ಅಕ್ಷರಗಳನ್ನು ಮುದ್ರಿಸುವಾಗ ಶಾಯಿ ಹರಡಿ ಮೊದಲು ಮುಚ್ಚಿಹೋಗುವುದು ಒತ್ತುಗಳ ಸಣ್ಣ ಸುಳಿಗಳೇ ಆದ್ದರಿಂದ ಅಲ್ಲಿ ಒಂದು ತೂಕ ದಪ್ಪವಾದುದನ್ನು ಆರಿಸಿ.

ಹಂತ 6: ಇಂಗ್ಲಿಷ್ ಅಕ್ಷರದೊಂದಿಗೆ ಹೊಂದಿಸಿ

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿಯ ಪ್ರಕಾರ ಕರ್ನಾಟಕದಲ್ಲಿ ಅಂಗಡಿ ಮತ್ತು ಸಂಸ್ಥೆಗಳ ನಾಮಫಲಕದಲ್ಲಿ 60 ಪ್ರತಿಶತ ಕನ್ನಡ ಇರಬೇಕು, ಅದು ಫಲಕದ ಮೇಲ್ಭಾಗದಲ್ಲಿ ಇರಬೇಕು. ಇದರಿಂದ ಕನ್ನಡದ ಅಕ್ಷರಗಳು ಬೀದಿಯಲ್ಲಿ ದೊಡ್ಡದಾಗಿ ಕಾಣುತ್ತಿವೆ, ಅದು ಸಂತೋಷದ ವಿಷಯ. ಆದರೆ ಇಂಗ್ಲಿಷ್ ಹೆಸರು ಕುಂಚದಲ್ಲಿ ಬರೆದಂತೆ ಬಳುಕುತ್ತಿರುವಾಗ ಅದರ ಮೇಲಿನ ಕನ್ನಡ ಹೆಸರು ವಿಂಡೋಸ್‌ನೊಂದಿಗೆ ಬರುವ ತುಂಗಾ ಅಥವಾ ನಿರ್ಮಲಾ ಅಕ್ಷರಗಳಲ್ಲಿ ನೆಟ್ಟಗೆ ನಿಂತಿರುವುದನ್ನು ನೋಡಿದಾಗ, ಕಾನೂನಿಗಾಗಿ ಅಂಟಿಸಿದ ಪಟ್ಟಿಯಂತೆ ಅನ್ನಿಸುತ್ತದೆ. ಕನ್ನಡಕ್ಕೂ ಅದೇ ಕೈ, ಅದೇ ಕುಂಚ ಸಿಗಬೇಕು.

ಎರಡು ಲಿಪಿಗಳನ್ನು ಹೊಂದಿಸುವಾಗ ಪಾಯಿಂಟ್ ಗಾತ್ರವನ್ನು ನಂಬಬೇಡಿ. ಒತ್ತು, ಗುಡಿಸುಗಳಿಲ್ಲದ ‘ಗ’ ಅಥವಾ ‘ರ’ ಅಕ್ಷರದ ಎತ್ತರವು ಇಂಗ್ಲಿಷಿನ ಸಣ್ಣಕ್ಷರಕ್ಕಿಂತ ತುಸು ಹೆಚ್ಚು, ದೊಡ್ಡಕ್ಷರಕ್ಕಿಂತ ತುಸು ಕಡಿಮೆ ಇರುವಂತೆ ಗಾತ್ರವನ್ನು ಬದಲಿಸಿ. ಬಳಿಕ ಎರಡೂ ಲಿಪಿಗಳ ಗೆರೆಯ ದಪ್ಪವನ್ನು ಒಂದರ ಮೇಲೊಂದು ಇರಿಸಿ ಅಳೆಯಿರಿ. ಗಾತ್ರ ಬದಲಾದಾಗ ದಪ್ಪವೂ ಬದಲಾಗಿರುವುದರಿಂದ ಬೇರೊಂದು ತೂಕ ಬೇಕಾಗಬಹುದು. ಗೆರೆಯ ತುದಿಗಳು ಇಂಗ್ಲಿಷಿನಲ್ಲಿ ದುಂಡಗಿದ್ದರೆ ಕನ್ನಡದಲ್ಲೂ ದುಂಡಗಿರಲಿ. ಇಂಗ್ಲಿಷ್ ಬರಹ ಬಲಕ್ಕೆ ವಾಲಿದೆ ಎಂದು ಕನ್ನಡವನ್ನು ತಂತ್ರಾಂಶದ ಗುಂಡಿ ಒತ್ತಿ ವಾಲಿಸುವುದು ಸರಿಯಲ್ಲ. ಕನ್ನಡದ ಅಕ್ಷರಗಳು ದುಂಡನೆಯವು. ಓರೆಯಾಗಿ ಎಳೆದಾಗ ಸುತ್ತುಗಳು ಒಂದು ಕಡೆ ಉಬ್ಬಿ, ಇನ್ನೊಂದು ಕಡೆ ತೆಳುವಾಗಿ, ತಲೆಕಟ್ಟು ಅಕ್ಷರದಿಂದ ಜಾರಿದಂತೆ ಕಾಣುತ್ತದೆ.

ಒಂದು ಪುಟದಲ್ಲಿ ಒಂದೇ ಕೈಬರಹದ ಫಾಂಟ್ ಇರಲಿ. ಉಳಿದ ಪಠ್ಯಕ್ಕೆ ನೋಟೊ ಸ್ಯಾನ್ಸ್ ಕನ್ನಡ ಅಥವಾ ಅನೇಕ್ ಕನ್ನಡದಂಥ ಸರಳ ಫಾಂಟ್ ಸಾಕು.

ಹಂತ 7: ಮರುಕಳಿಸುವ ಅಕ್ಷರಗಳನ್ನು ಗಮನಿಸಿ

ಮನುಷ್ಯರು ಒಂದೇ ಅಕ್ಷರವನ್ನು ಎರಡು ಬಾರಿ ಒಂದೇ ರೀತಿ ಬರೆಯುವುದಿಲ್ಲ. ಪಾಬ್ಲೊ ಇಂಪಲ್ಲಾರಿ ಅವರ ‘ಕೇವಿಯಟ್’ ಎಂಬ ಇಂಗ್ಲಿಷ್ ಕೈಬರಹದ ಫಾಂಟ್‌ನಲ್ಲಿ ಪದದೊಳಗಿನ ಸ್ಥಾನಕ್ಕೆ ತಕ್ಕಂತೆ ಅಕ್ಷರದ ರೂಪ ಸ್ವಲ್ಪ ಬದಲಾಗುವ ಏರ್ಪಾಡಿದೆ. ಅಂಥ ಏರ್ಪಾಡಿಲ್ಲದ ಕನ್ನಡ ಫಾಂಟ್‌ನಲ್ಲಿ ‘ಗಳಲ್ಲಿ’, ‘ಅನ್ನು’, ‘ಇಲ್ಲ’ ಎಂಬ ಪ್ರತ್ಯಯಗಳೂ ಪದಗಳೂ ಮತ್ತೆ ಮತ್ತೆ ಬಂದಾಗ ಅವೆಲ್ಲ ಒಂದೇ ಅಚ್ಚಿನಿಂದ ತೆಗೆದಂತೆ ಕಾಣುತ್ತವೆ. ಮೂರು ನಾಲ್ಕು ಸಾಲು ಮೀರಿದ ಪಠ್ಯಕ್ಕೆ ಕೈಬರಹವನ್ನು ಬಳಸಬೇಡಿ ಎನ್ನುವುದಕ್ಕೆ ಇದೂ ಒಂದು ಕಾರಣ. ಚಿಕ್ಕ ಶೀರ್ಷಿಕೆಯಾದರೆ ಪಠ್ಯವನ್ನು ಗೆರೆಗಳಾಗಿ (ಟೈಪ್ ಮಾಡಿದ ಅಕ್ಷರದ ಬದಲು ಚಿತ್ರದಂತೆ ತಿದ್ದಬಹುದಾದ ಔಟ್‌ಲೈನ್ ಆಗಿ) ಪರಿವರ್ತಿಸಿ, ಎರಡನೆಯ ಬಾರಿ ಬಂದ ಅಕ್ಷರದ ತಲೆಕಟ್ಟನ್ನೋ ಒತ್ತಿನ ಬಾಲವನ್ನೋ ತುಸು ತಿದ್ದಬಹುದು. ಆದರೆ ಪರವಾನಗಿ ಹಾಗೆ ಮಾಡಲು ಬಿಡುತ್ತದೆಯೇ ಎಂದು ಮೊದಲು ನೋಡಿ.

ಪುಸ್ತಕದ ಹೆಸರು, ಅಂಗಡಿಯ ಹೆಸರು, ಉತ್ಸವದ ಹೆಸರು ಇಂಥವು ಬಹುಕಾಲ ಉಳಿಯುವಂಥವು. ಅವುಗಳಿಗೆ ಫಾಂಟ್ ಹುಡುಕುವ ಬದಲು ಅಕ್ಷರ ಕಲಾವಿದರೊಬ್ಬರಿಂದ ಬರೆಸುವುದೇ ಉತ್ತಮ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕನ್ನಡ ಪುಸ್ತಕಗಳ ಮುಖಪುಟಗಳಲ್ಲಿ ಆ ಪರಂಪರೆ ಇನ್ನೂ ಜೀವಂತವಾಗಿದೆ, ಮತ್ತು ಐದಾರು ಅಕ್ಷರಗಳ ಹೆಸರಿಗೆ ತಗಲುವ ಖರ್ಚು ಬಹಳ ಮಂದಿ ಊಹಿಸುವಷ್ಟು ದೊಡ್ಡದಲ್ಲ.

ಹಂತ 8: ಮುದ್ರಣಕ್ಕೆ ಕಳುಹಿಸುವ ಮುನ್ನ

ಮುದ್ರಣಾಲಯದ ಕಂಪ್ಯೂಟರಿನಲ್ಲಿ ನೀವು ಬಳಸಿದ ಫಾಂಟ್ ಇಲ್ಲದಿದ್ದರೆ ಕಡತ ತೆರೆದೊಡನೆ ಬೇರೆ ಫಾಂಟ್ ಬಂದು ಕೂರುತ್ತದೆ, ಒತ್ತಕ್ಷರಗಳೂ ಚೆದುರಬಹುದು. ಆದ್ದರಿಂದ ಫಾಂಟ್ ಅಡಕವಾದ ಪಿಡಿಎಫ್ ಕಳುಹಿಸಿ. ಫ್ಲೆಕ್ಸ್ ಅಥವಾ ಅಕ್ಷರ ಕತ್ತರಿಸುವ ಯಂತ್ರದ ಕೆಲಸವಾದರೆ ಪಠ್ಯವನ್ನು ಗೆರೆಗಳಾಗಿ ಪರಿವರ್ತಿಸಿದ ಪ್ರತಿಯನ್ನು ಕಳುಹಿಸಿ, ತಿದ್ದಬಹುದಾದ ಮೂಲ ಕಡತವನ್ನು ನಿಮ್ಮಲ್ಲಿ ಇರಿಸಿಕೊಳ್ಳಿ. ಪರಿವರ್ತಿಸಿದ ನಂತರ ಒಂದರ ಮೇಲೊಂದು ಹಾಯುವ ಗೆರೆಗಳನ್ನು ಬೆಸೆಯಲು ಮರೆಯಬೇಡಿ. ಇಲ್ಲದಿದ್ದರೆ ಕತ್ತರಿಸುವ ಯಂತ್ರ ತಲೆಕಟ್ಟನ್ನು ಅಕ್ಷರದಿಂದ, ಕೊಂಬನ್ನು ಅದರ ಬುಡದಿಂದ ಬೇರ್ಪಡಿಸಿಬಿಡುತ್ತದೆ.

ನಿಜವಾದ ಗಾತ್ರದಲ್ಲಿ ಒಂದು ಪ್ರತಿ ಮುದ್ರಿಸಿ, ಆ ಪಠ್ಯವನ್ನು ಮೊದಲು ನೋಡಿರದ ಒಬ್ಬರಿಂದ ಗಟ್ಟಿಯಾಗಿ ಓದಿಸಿ. ವಾಕ್ಯದ ಅರ್ಥದ ಬಲದಿಂದ ಮನಸ್ಸು ತಪ್ಪು ಅಕ್ಷರವನ್ನೂ ಸರಿಯಾಗಿಯೇ ಓದಿಬಿಡುವುದರಿಂದ, ಊರಿನ ಹೆಸರು, ವ್ಯಕ್ತಿಯ ಹೆಸರುಗಳ ಬಳಿ ಅವರು ತಡವರಿಸುತ್ತಾರೆಯೇ ಎಂಬುದನ್ನು ವಿಶೇಷವಾಗಿ ಗಮನಿಸಿ. ಅವರು ತಡವರಿಸಿದ ಪದವನ್ನು ಸರಳ ಫಾಂಟಿಗೆ ಬದಲಿಸಿ, ಅಥವಾ ಗಾತ್ರ ಹೆಚ್ಚಿಸಿ ಮತ್ತೊಮ್ಮೆ ಮುದ್ರಿಸಿ ಓದಿಸಿ.